ಉದ್ಘಾಟನಾ ಸಮಾರಂಭದ ಆ ಹತ್ತು ನಿಮಿಷಗಳ ಒಡೆಯರು ಯಾರು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ಸಮಾಜಶಾಸ್ತ್ರ ಬೋಧಿಸುವವನು. ಕಳೆದ ವಾರ ಕ್ರೀಡೆ ಮತ್ತು ರಾಷ್ಟ್ರೀಯತೆಯ ಪಾಠಕ್ಕಾಗಿ 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ನ ಉದ್ಘಾಟನಾ ಸಮಾರಂಭದ ಕೊನೆಯ ಭಾಗವನ್ನು ವಿದ್ಯಾರ್ಥಿಗಳಿಗೆ ತೋರಿಸಿದೆ. ಆಸ್ಟ್ರೇಲಿಯಾದ ಮೂಲನಿವಾಸಿ ಓಟಗಾರ್ತಿ ಕ್ಯಾಥಿ ಫ್ರೀಮನ್ ಬಿಳಿಯ ಉಡುಪು ಧರಿಸಿ, ಹರಿಯುವ ನೀರಿನ ನಡುವೆ ಮೆಟ್ಟಿಲೇರಿ, ಕೊಳದ ಮಧ್ಯದಲ್ಲಿ ನಿಂತು, ಬಾಗಿ, ತಮ್ಮ ಸುತ್ತಲೂ ಬೆಂಕಿ ಹೊತ್ತಿಸುತ್ತಾರೆ. ಉರಿಯುವ ಆ ಬಳೆ ನೀರಿನೊಳಗಿಂದ ಮೇಲೆದ್ದು ಅವರನ್ನು ದಾಟಿ ಹೋಗುತ್ತದೆ. ಅಷ್ಟರಲ್ಲಿ ಯಂತ್ರ ಕೈಕೊಡುತ್ತದೆ. ಜ್ಯೋತಿಪಾತ್ರೆ ಸುಮಾರು ನಾಲ್ಕು ನಿಮಿಷ ಕದಲದೆ ನಿಂತುಬಿಡುತ್ತದೆ. ಅಷ್ಟೂ ಹೊತ್ತು ಫ್ರೀಮನ್ ನೆನೆದ ಬಟ್ಟೆಯಲ್ಲೇ, ಪಂಜನ್ನು ಹಿಡಿದು, ಗಾಬರಿಯ ಸುಳಿವೇ ಇಲ್ಲದಂತೆ ಕಾಯುತ್ತಾರೆ. ಹತ್ತು ದಿನಗಳ ನಂತರ, ಸೆಪ್ಟೆಂಬರ್ 25ರಂದು, ಅವರೇ 400 ಮೀಟರ್ ಓಟವನ್ನು 49.11 ಸೆಕೆಂಡುಗಳಲ್ಲಿ ಗೆದ್ದು, ಆಸ್ಟ್ರೇಲಿಯಾದ ಧ್ವಜದ ಜೊತೆಗೆ ತಮ್ಮ ಜನರ ಕಪ್ಪು, ಕೆಂಪು, ಹಳದಿ ಧ್ವಜವನ್ನೂ ಹಿಡಿದು ಮೈದಾನ ಸುತ್ತಿದರು.

ದೃಶ್ಯ ಮುಗಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಇದು ಆ ಜನರಿಗೆ ಕೊಟ್ಟ ಗೌರವವೇ, ಇಲ್ಲಾ ಸರ್ಕಾರ ತನ್ನ ಪಾಪ ತೊಳೆದುಕೊಳ್ಳಲು ಅವರನ್ನು ಮುಂದೆ ನಿಲ್ಲಿಸಿಕೊಂಡದ್ದೇ?" ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮೂಲನಿವಾಸಿ ಮಕ್ಕಳನ್ನು ದಶಕಗಳ ಕಾಲ ತಂದೆತಾಯಿಯರಿಂದ ಕಿತ್ತುಕೊಂಡು ಬೆಳೆಸಿದ ನೀತಿಗಾಗಿ ಕ್ಷಮೆ ಕೇಳಲು ಅಂದಿನ ಆಸ್ಟ್ರೇಲಿಯಾ ಸರ್ಕಾರ ಒಪ್ಪಿರಲಿಲ್ಲ. ಫ್ರೀಮನ್ ಅವರ ಅಜ್ಜಿಯೇ ಹಾಗೆ ಬೇರ್ಪಟ್ಟ ಮಕ್ಕಳಲ್ಲಿ ಒಬ್ಬರು. ಒಲಿಂಪಿಕ್ಸ್‌ಗೆ ನಾಲ್ಕು ತಿಂಗಳ ಮೊದಲು, ಮೂಲನಿವಾಸಿಗಳೊಂದಿಗೆ ಸಾಮರಸ್ಯ ಬೇಕೆಂದು ಸುಮಾರು 2,50,000 ಜನ ಸಿಡ್ನಿಯ ಹಾರ್ಬರ್ ಸೇತುವೆಯ ಮೇಲೆ ನಡೆದಿದ್ದರು. ಸರ್ಕಾರದ ಅಧಿಕೃತ ಕ್ಷಮೆ ಬಂದದ್ದು ಮಾತ್ರ 2008ರ ಫೆಬ್ರವರಿ 13ರಂದು, ಬೇರೆ ಪ್ರಧಾನಿಯ ಬಾಯಿಂದ.

ಹಾಗಿದ್ದರೆ ಆತಿಥೇಯ ದೇಶವೊಂದು ಜಗತ್ತಿನ ಮುಂದೆ ತನ್ನ ಮೂಲನಿವಾಸಿಗಳ ಹಾಡು, ಕುಣಿತ, ಚಿಹ್ನೆಗಳನ್ನು ತೋರಿಸಿದಾಗ ನಾವು ಅದನ್ನು ಯಾವ ಮಾನದಂಡದಿಂದ ಅಳೆಯಬೇಕು? ನೋಡಿದಾಗ ರೋಮಾಂಚನವಾಗುತ್ತದೆ ಎನ್ನುವುದು ಸಾಕಾಗುವುದಿಲ್ಲವೆಂದು ನನಗೆ ಗೊತ್ತಿದೆ, ಏಕೆಂದರೆ ನನಗೂ ರೋಮಾಂಚನವಾಗಿತ್ತು. ಈ ವಿಷಯದಲ್ಲಿ ಓದು ಅಥವಾ ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ಪ್ರತಿಕ್ರಿಯೆ 1

ನಾನು ವೃತ್ತಿಯಿಂದ ನೃತ್ಯ ಸಂಯೋಜಕಿ. ದೊಡ್ಡ ಮೈದಾನಗಳ ಸಮಾರಂಭಗಳಿಗೆ ತಂಡಗಳನ್ನು ಸಿದ್ಧಪಡಿಸಿದ ಅನುಭವವಿದೆ. ಆದ್ದರಿಂದ ಮೊದಲು ಆ ಕೆಲಸದ ಒಳಗಿನ ಒಂದು ಮಾತು ಹೇಳುತ್ತೇನೆ. ಕ್ರೀಡಾಂಗಣದ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಾಣಬೇಕು ಎಂಬ ಒಂದೇ ಕಾರಣಕ್ಕೆ ನಾವು ಕೈಯಾಡಿಸುವ ರೀತಿಯನ್ನು ಹಿಗ್ಗಿಸುತ್ತೇವೆ, ಬಣ್ಣವನ್ನು ಗಾಢ ಮಾಡುತ್ತೇವೆ, ಇಪ್ಪತ್ತು ಜನರ ಕುಣಿತಕ್ಕೆ ಇನ್ನೂರು ಜನರನ್ನು ಸೇರಿಸುತ್ತೇವೆ, ಇಡೀ ರಾತ್ರಿ ಹಾಡುವ ಕಥೆಯನ್ನು ಮೂರು ನಿಮಿಷಕ್ಕೆ ಕತ್ತರಿಸುತ್ತೇವೆ. ಒಮ್ಮೆ ಹಾಗೆ ಕತ್ತರಿಸಲು ಕುಳಿತಾಗ ಹಿರಿಯ ಗಾಯಕರೊಬ್ಬರು ನನ್ನನ್ನು ಕೇಳಿದರು: "ಅಮ್ಮಾ, ಹುಟ್ಟಿದ್ದನ್ನು ಬಿಡಲೋ, ಸತ್ತದ್ದನ್ನು ಬಿಡಲೋ, ನೀವೇ ಹೇಳಿ." ಆ ಮಾತು ಕೇಳಿದಾಗ ಕತ್ತರಿ ನನ್ನ ಕೈಯಲ್ಲಿರಬಾರದಿತ್ತು ಎನ್ನಿಸಿತು. ನಿಮ್ಮ ಮಾನದಂಡದ ಪ್ರಶ್ನೆಗೆ ನನ್ನ ಉತ್ತರ ಅದೇ: ಏನನ್ನು ತೋರಿಸಬೇಕು, ಏನನ್ನು ಬಿಡಬೇಕು, ಬೇಡವೆನ್ನಿಸಿದರೆ ಇಡೀ ಪ್ರದರ್ಶನವನ್ನೇ ನಿಲ್ಲಿಸಬೇಕೇ ಎಂಬುದನ್ನು ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ನೋಡಿ.

ಈ ಅಧಿಕಾರ ಪೂರ್ತಿ ಇಲ್ಲವಾಗಿದ್ದ ಸ್ಥಿತಿ ಹೇಗಿತ್ತು ಎಂಬುದಕ್ಕೆ 1904ರ ಸೇಂಟ್ ಲೂಯಿಸ್ ಸಾಕ್ಷಿ. ಒಲಿಂಪಿಕ್ಸ್ ಆಗ ಒಂದು ವಿಶ್ವಮೇಳದ ಜೊತೆಗೇ ನಡೆಯುತ್ತಿತ್ತು. ಮೇಳದಲ್ಲಿ ಜನರನ್ನೇ ಪ್ರದರ್ಶನಕ್ಕೆ ಇಟ್ಟಿದ್ದರು: ಜಪಾನಿನ ಐನು ಜನ, ಫಿಲಿಪ್ಪೀನ್ಸ್‌ನ ಗುಡ್ಡಗಾಡಿನವರು, ಪೆಟಗೋನಿಯಾದವರು, ಕಾಂಗೋದವರು, ಅಮೆರಿಕದ ಮೂಲನಿವಾಸಿಗಳು. ಆಗಸ್ಟ್ 12 ಮತ್ತು 13ರಂದು 'ಮಾನವಶಾಸ್ತ್ರ ದಿನಗಳು' ಎಂಬ ಹೆಸರಿನಲ್ಲಿ ಇವರನ್ನು ಓಟ, ಉದ್ದ ಜಿಗಿತ, ಗುಂಡು ಎಸೆತಗಳಿಗೆ ಇಳಿಸಲಾಯಿತು. ಅಭ್ಯಾಸವಿರಲಿಲ್ಲ, ನಿಯಮಗಳನ್ನು ಅವರ ಭಾಷೆಯಲ್ಲಿ ಸರಿಯಾಗಿ ತಿಳಿಸಿರಲಿಲ್ಲ. ಓಟದ ಕೊನೆಯಲ್ಲಿ ಕಟ್ಟಿದ ಪಟ್ಟಿಯನ್ನು ಎದೆಯಿಂದ ತಳ್ಳಿ ಹೋಗಬೇಕೆಂದು ತಿಳಿಯದೆ ಕೆಲವರು ಅದರ ಕೆಳಗೆ ಬಗ್ಗಿ ನುಸುಳಿದರು. ಅದನ್ನೆಲ್ಲ ಬರೆದುಕೊಂಡ ಸಂಘಟಕರು ಈ ಜನಾಂಗಗಳು ದೇಹಬಲದಲ್ಲಿ ಕೀಳು ಎಂಬ ತೀರ್ಮಾನವನ್ನು ಹೊರಡಿಸಿದರು. ತೀರ್ಮಾನ ಮೊದಲೇ ಸಿದ್ಧವಾಗಿತ್ತು, ಓಟ ನೆಪಕ್ಕೆ ನಡೆಯಿತು ಎಂದೇ ನಾನು ಭಾವಿಸುತ್ತೇನೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಸಮಾರೋಪ ಸಮಾರಂಭದಲ್ಲಿ ಉದ್ದೇಶ ಗೌರವ ಸಲ್ಲಿಸುವುದೇ ಆಗಿತ್ತು. ಆದರೂ ಮೈದಾನಕ್ಕೆ ಬಂದವರಲ್ಲಿ ಮೂಲನಿವಾಸಿಗಳು ಒಂದು ಭಾಗ ಮಾತ್ರ. ಉಳಿದವರು ಮೈಗೆ ಬಣ್ಣ ಬಳಿದುಕೊಂಡು, ತಲೆಗೆ ಗರಿ ಕಟ್ಟಿಕೊಂಡ ನಗರದ ವೃತ್ತಿಪರ ನರ್ತಕರು. ಮೈದಾನದಲ್ಲಿ ನಿಲ್ಲಿಸಿದ ಗುಡಾರಗಳು 'ಟೀಪಿ'ಗಳು, ಅಂದರೆ ದೂರದ ಬಯಲುಸೀಮೆಯ ಜನರ ವಾಸಸ್ಥಾನಗಳು. ಮಾಂಟ್ರಿಯಲ್‌ನ ಪಕ್ಕದಲ್ಲೇ ಇರುವ ಮೊಹಾಕ್ ಜನರ ಸಾಂಪ್ರದಾಯಿಕ ಮನೆ ಹಲವು ಕುಟುಂಬಗಳು ಒಟ್ಟಿಗೆ ಬಾಳುವ ಉದ್ದನೆಯ ಮರದ ಮನೆ. ಅಕ್ಕಪಕ್ಕದವರನ್ನು ಒಂದು ಮಾತು ಕೇಳಿದ್ದರೆ ಇದು ತಿಳಿಯುತ್ತಿತ್ತು. 2008ರ ಬೀಜಿಂಗ್‌ನಲ್ಲಿಯೂ ಚೀನಾದ 56 ಜನಾಂಗಗಳ ಪ್ರತಿನಿಧಿಗಳೆಂದು ಬಗೆಬಗೆಯ ಉಡುಪು ತೊಟ್ಟು ಧ್ವಜ ಹಿಡಿದು ಬಂದ ಮಕ್ಕಳು ಬಹುಪಾಲು, ದೇಶದ ಬಹುಸಂಖ್ಯಾತರಾದ ಹಾನ್ ಸಮುದಾಯದವರೇ ಎಂಬುದು ಆಮೇಲೆ ಹೊರಬಿತ್ತು. ಉಡುಪು ಇದ್ದರೆ ಸಾಕು, ತೊಡುವವರು ಯಾರಾದರೇನು ಎಂಬ ಈ ಧೋರಣೆ ನನ್ನಂಥವರ ವೃತ್ತಿಯ ಹಳೆಯ ರೋಗ.

ಸಿಡ್ನಿ ಈ ಸಾಲಿನಲ್ಲಿ ಸೇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಮೂಲನಿವಾಸಿ ಭಾಗವನ್ನು ಕಟ್ಟಿದವರು ಸ್ಟೀಫನ್ ಪೇಜ್ ಮತ್ತು ರೋಡಾ ರಾಬರ್ಟ್ಸ್. ಇಬ್ಬರೂ ಮೂಲನಿವಾಸಿ ಕಲಾವಿದರು. ದೇಶದ ನಾನಾ ಭಾಗಗಳಿಂದ ಬಂದ ನೂರಾರು ಜನ ತಮ್ಮ ತಮ್ಮ ನೆಲದ ಕುಣಿತವನ್ನೇ ಕುಣಿದರು. ಸರ್ಕಾರದ ಧೋರಣೆ ಏನೇ ಇದ್ದರೂ, ಆ ಕೆಲವು ನಿಮಿಷಗಳಲ್ಲಿ ಕತ್ತರಿ ಅವರ ಕೈಯಲ್ಲಿತ್ತು.

ಪ್ರತಿಕ್ರಿಯೆ 2

ಮೇಲಿನ ಸಹೋದರಿಯವರ ಮಾತನ್ನು ಒಪ್ಪುತ್ತೇನೆ, ಆದರೆ ವೇದಿಕೆಯ ಅಧಿಕಾರ ಸಿಕ್ಕರೆ ಸಾಕೇ ಎಂಬುದನ್ನು ಕೆನಡಾದ ಎರಡು ಚಳಿಗಾಲದ ಒಲಿಂಪಿಕ್ಸ್‌ಗಳ ಮೂಲಕ ಪರೀಕ್ಷಿಸಬಹುದು. ಕೆಲವು ವರ್ಷಗಳಿಂದ ನಾನು ವಸ್ತುಸಂಗ್ರಹಾಲಯಗಳ ಇತಿಹಾಸವನ್ನು ಓದುತ್ತಿರುವುದರಿಂದ ಮೊದಲನೆಯದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನ ಅಂಗವಾಗಿ ಅಲ್ಲಿನ ಗ್ಲೆನ್‌ಬೋ ವಸ್ತುಸಂಗ್ರಹಾಲಯ ಕೆನಡಾದ ಮೂಲನಿವಾಸಿಗಳ ಪ್ರಾಚೀನ ಕಲಾವಸ್ತುಗಳ ಮಹಾಪ್ರದರ್ಶನವೊಂದನ್ನು ಏರ್ಪಡಿಸಿತು. ವಸಾಹತು ಕಾಲದಲ್ಲಿ ದೇಶದ ಹೊರಗೆ ಹೋಗಿ ಯೂರೋಪಿನ ಸಂಗ್ರಹಗಳಲ್ಲಿ ಕುಳಿತಿದ್ದ ವಸ್ತುಗಳನ್ನು ಎರವಲು ತಂದು ಒಂದೇ ಸೂರಿನಡಿ ಇಡುವುದು ಅದರ ಹೆಗ್ಗಳಿಕೆ. ಪ್ರಮುಖ ಪ್ರಾಯೋಜಕರು ಒಂದು ತೈಲ ಕಂಪನಿ. ಇದೇ ಹೊತ್ತಿನಲ್ಲಿ, ಅದೇ ಆಲ್ಬರ್ಟಾ ಪ್ರಾಂತ್ಯದ ಉತ್ತರದಲ್ಲಿ, ಲೂಬಿಕಾನ್ ಲೇಕ್ ಕ್ರೀ ಎಂಬ ಸಣ್ಣ ಸಮುದಾಯದ ಕಾಡಿನಲ್ಲಿ ತೈಲಕ್ಕಾಗಿ ಕೊರೆತ ನಡೆದಿತ್ತು. ಸರ್ಕಾರ ಆ ಭಾಗದ ಮೂಲನಿವಾಸಿಗಳೊಂದಿಗೆ ಮಾಡಿಕೊಂಡ 1899ರ ಒಪ್ಪಂದದ ಸಮಯದಲ್ಲಿ ಅಧಿಕಾರಿಗಳು ಆ ಜನರನ್ನು ತಲುಪಿರಲಿಲ್ಲ. ಹೀಗಾಗಿ ಅವರಿಗೆ ಮೀಸಲು ಭೂಮಿಯೇ ದಕ್ಕಿರಲಿಲ್ಲ. ಕೊರೆತ ಹೆಚ್ಚಾದಂತೆ ಬೇಟೆ ಮತ್ತು ತುಪ್ಪಳದ ಆದಾಯ ಕುಸಿಯಿತು. ಮುಖ್ಯಸ್ಥ ಬರ್ನಾರ್ಡ್ ಓಮಿನಯಾಕ್ ಅವರ ನೇತೃತ್ವದಲ್ಲಿ ಸಮುದಾಯ ಪ್ರದರ್ಶನದ ಬಹಿಷ್ಕಾರಕ್ಕೆ ಕರೆಕೊಟ್ಟಿತು. ಸತ್ತ ಮೂಲನಿವಾಸಿಗಳ ಕೈಕೆಲಸಕ್ಕೆ ಗಾಜಿನ ಪೆಟ್ಟಿಗೆಯ ಮರ್ಯಾದೆ, ಬದುಕಿರುವವರ ನೆಲಕ್ಕೆ ಕೊರೆಯುವ ಯಂತ್ರ ಎಂಬ ವೈರುಧ್ಯವನ್ನು ಅವರು ಜಗತ್ತಿನ ಮುಂದಿಟ್ಟರು. ಹಲವು ಸಂಗ್ರಹಾಲಯಗಳು ವಸ್ತುಗಳನ್ನು ಕಳುಹಿಸಲು ನಿರಾಕರಿಸಿದವು. ಪ್ರದರ್ಶನದಲ್ಲಿದ್ದ ಒಂದು ಮುಖವಾಡ ಪವಿತ್ರವಾದದ್ದು, ಎಲ್ಲರ ಕಣ್ಣಿಗೆ ಬೀಳಬಾರದ್ದು ಎಂದು ಮೊಹಾಕ್ ಜನ ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ ತೀರ್ಪು ಅವರ ಪರವಾಗಿ ಬರಲಿಲ್ಲ. ಪ್ರದರ್ಶನ ನಡೆದೇ ನಡೆಯಿತು.

ಆದರೆ ಆ ಗದ್ದಲದಿಂದಾಗಿ ಕೆನಡಾದ ವಸ್ತುಸಂಗ್ರಹಾಲಯಗಳ ಸಂಘ ಮತ್ತು ಮೂಲನಿವಾಸಿಗಳ ರಾಷ್ಟ್ರೀಯ ಸಭೆ ಸೇರಿ ಕಾರ್ಯಪಡೆ ರಚಿಸಿ, 1992ರಲ್ಲಿ ವರದಿ ನೀಡಿದವು. ಆ ಜನರ ವಸ್ತುಗಳ ಬಗ್ಗೆ ಅವರನ್ನು ಪಾಲುದಾರರನ್ನಾಗಿ ಮಾಡಿಕೊಂಡೇ ಮುಂದುವರಿಯಬೇಕೆಂಬ ನಡವಳಿಕೆ ಅಲ್ಲಿಂದ ಬೇರೂರಿತು. ಲೂಬಿಕಾನರ ಭೂಮಿಯ ವಿಷಯ ಮಾತ್ರ ಇತ್ಯರ್ಥವಾದದ್ದು 2018ರಲ್ಲಿ, ಕ್ರೀಡಾಜ್ಯೋತಿ ಆರಿ 30 ವರ್ಷಗಳಾದ ಮೇಲೆ.

ಇನ್ನು 2010ರ ವ್ಯಾಂಕೂವರ್. ಲಿಲ್ವಾಟ್, ಮಸ್ಕ್ವಿಯಮ್, ಸ್ಕ್ವಾಮಿಷ್, ಸ್ಲೇಲ್‌ವಾಟುತ್ ಎಂಬ ನಾಲ್ಕು ಸಮುದಾಯಗಳು, ಕ್ರೀಡೆ ನಡೆಯುವುದೇ ತಮ್ಮ ಪೂರ್ವಿಕರ ನೆಲದಲ್ಲಿ ಎಂಬ ಕಾರಣದಿಂದ, 'ನಾಲ್ಕು ಆತಿಥೇಯ ಮೂಲ ರಾಷ್ಟ್ರಗಳು' ಎಂಬ ಸಂಘಟನೆ ಕಟ್ಟಿಕೊಂಡು ಆಯೋಜಕರೊಂದಿಗೆ ಒಪ್ಪಂದ ಮಾಡಿಕೊಂಡವು. ಅವರ ಮುಖ್ಯಸ್ಥರು ಉದ್ಘಾಟನೆಯ ದಿನ ರಾಷ್ಟ್ರನಾಯಕರ ಜೊತೆ ಗಣ್ಯರ ಸಾಲಿನಲ್ಲಿ ಕುಳಿತರು. ಪದಕಗಳ ಮೇಲಿನ ಚಿತ್ರ ಕೊರೀನ್ ಹಂಟ್ ಎಂಬ ಮೂಲನಿವಾಸಿ ಕಲಾವಿದೆಯದು. ಅವರು ತಿಮಿಂಗಿಲದ ಒಂದು ದೊಡ್ಡ ಚಿತ್ರ ಬರೆದರು. ಪ್ರತಿ ಪದಕದ ಮೇಲೂ ಅದರ ಬೇರೆ ಬೇರೆ ತುಣುಕು ಮೂಡಿತು. ಹೀಗಾಗಿ ಒಂದು ಪದಕದಂತೆ ಇನ್ನೊಂದಿಲ್ಲ. ಗೆದ್ದವರಿಗೆ ಪದಕದ ಜೊತೆ ಇಡೀ ಚಿತ್ರವಿರುವ ರೇಷ್ಮೆ ವಸ್ತ್ರವನ್ನೂ ಕೊಡುತ್ತಿದ್ದರು. ತನ್ನ ಕೈಯಲ್ಲಿರುವುದು ಕಣ್ಣಿನ ಭಾಗವೋ, ರೆಕ್ಕೆಯ ಭಾಗವೋ ಎಂದು ಅದರ ಮೇಲೆ ಹುಡುಕಿ ನೋಡಿಕೊಳ್ಳಬಹುದಿತ್ತು. ನಾನು ಕಂಡ ಪದಕ ವಿನ್ಯಾಸಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಇಷ್ಟೆಲ್ಲ ಇದ್ದೂ ಅದೇ ಕೂಟದ ಲಾಂಛನ ಅವರಾರಿಗೂ ಸೇರದ 'ಇನುಕ್‌ಶುಕ್', ಅಂದರೆ ದೂರದ ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನ ದಾರಿಗುರುತಿಗೆ ಪೇರಿಸುವ ಕಲ್ಲಿನ ರಾಶಿ. ಕೈಕಾಲು, ತಲೆ ಮೂಡಿದ ಆ ರೂಪ ನಿಜವಾದ ಇನುಕ್‌ಶುಕ್ ಅಲ್ಲವೆಂದು ಇನುಯಿಟ್ ಹಿರಿಯರೂ ಆಕ್ಷೇಪಿಸಿದರು. ಕೌವಿಚನ್ ಎಂಬ ಮೂಲನಿವಾಸಿ ಸಮುದಾಯದ ಹೆಂಗಸರು ತಲೆಮಾರುಗಳಿಂದ ಹೆಣೆಯುತ್ತ ಬಂದ ಉಣ್ಣೆಯ ಸ್ವೆಟರ್‌ಗಳನ್ನು ಹೋಲುವ ಉಡುಪನ್ನು ಅಧಿಕೃತ ಮಾರಾಟಗಾರರು ಬೇರೆಡೆ ಮಾಡಿಸಿ ಮಾರಾಟಕ್ಕಿಟ್ಟರು. ಪ್ರತಿಭಟನೆಯ ನಂತರವಷ್ಟೇ ಅಸಲಿ ಸ್ವೆಟರ್‌ಗಳಿಗೂ ಅಂಗಡಿಯಲ್ಲಿ ಜಾಗ ಸಿಕ್ಕಿತು.

ಇನ್ನೊಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆ 2007ರ ಸೆಪ್ಟೆಂಬರ್ 13ರಂದು 144 ಮತಗಳಿಂದ ಅಂಗೀಕಾರವಾದಾಗ ವಿರುದ್ಧ ಮತ ಹಾಕಿದ್ದು ನಾಲ್ಕೇ ದೇಶಗಳು: ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ಅಮೆರಿಕ. ಉದ್ಘಾಟನಾ ಸಮಾರಂಭಗಳಲ್ಲಿ ಮೂಲನಿವಾಸಿ ಸಂಸ್ಕೃತಿಯನ್ನು ಮುಂದಿಡುವುದರಲ್ಲಿ ಹೆಸರಾದ ದೇಶಗಳೂ ಇವೇ. ವ್ಯಾಂಕೂವರ್ ಕೂಟ ನಡೆದದ್ದು 2010ರ ಫೆಬ್ರವರಿಯಲ್ಲಿ. ಕೆನಡಾ ಆ ಘೋಷಣೆಗೆ ಸಮ್ಮತಿ ಸೂಚಿಸಿದ್ದು ಅದೇ ವರ್ಷದ ನವೆಂಬರ್‌ನಲ್ಲಿ.

ಪ್ರತಿಕ್ರಿಯೆ 3

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಎರಡನೆಯವರು ವ್ಯಾಂಕೂವರ್‌ನ ಕಥೆಯಲ್ಲಿ ಹ್ಯಾರಿಯೆಟ್ ನಹಾನಿ ಅವರನ್ನು ಬಿಟ್ಟಿದ್ದಾರೆ. ಒಲಿಂಪಿಕ್ಸ್‌ಗಾಗಿ ಹೆದ್ದಾರಿ ಅಗಲಿಸುವುದನ್ನು ತಡೆಯಲು ನಿಂತ ಮೂಲನಿವಾಸಿ ಹಿರಿಯರು ಅವರು. 2007ರ ಜನವರಿಯಲ್ಲಿ, 71ನೇ ವಯಸ್ಸಿನಲ್ಲಿ, ಅವರಿಗೆ 14 ದಿನಗಳ ಸೆರೆವಾಸ ವಿಧಿಸಲಾಯಿತು. ಮರುತಿಂಗಳು ನ್ಯುಮೋನಿಯಾದಿಂದ ತೀರಿಕೊಂಡರು. "ಕದ್ದ ನೆಲದಲ್ಲಿ ಒಲಿಂಪಿಕ್ಸ್ ಬೇಡ" ಎಂಬ ಘೋಷಣೆ ಕೂಗುತ್ತಿದ್ದವರೂ ಮೂಲನಿವಾಸಿಗಳೇ, ಗಣ್ಯರ ಸಾಲಿನಲ್ಲಿ ಕುಳಿತವರೂ ಮೂಲನಿವಾಸಿಗಳೇ. ಆಯೋಜಕರು ಒಪ್ಪಿಗೆ ಪಡೆದೆವು ಎಂದು ಹೇಳುವಾಗ ಯಾರ ಒಪ್ಪಿಗೆ ಎಂದು ಕೇಳಬೇಕಾಗುತ್ತದೆ.

ನನಗೆ ವೇದಿಕೆಗಿಂತ ನೆಲದ ಪ್ರಶ್ನೆ ದೊಡ್ಡದು. 1982ರ ಬ್ರಿಸ್ಬೇನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಸಮಯದಲ್ಲಿ ಭೂಹಕ್ಕಿಗಾಗಿ ಬೀದಿಗಿಳಿದ ಮೂಲನಿವಾಸಿಗಳನ್ನು ಹತ್ತಿಕ್ಕಲು ಕ್ವೀನ್ಸ್‌ಲ್ಯಾಂಡ್ ಸರ್ಕಾರ ಪೊಲೀಸರಿಗೆ ವಿಶೇಷ ಅಧಿಕಾರ ನೀಡುವ ಕಾನೂನನ್ನೇ ತಂದಿತು. ನೂರಾರು ಜನರ ಬಂಧನವಾಯಿತು. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನ ಹಿಮಕ್ರೀಡೆಗಳು ನಡೆದ ಕ್ರಾಸ್ನಾಯಾ ಪೊಲ್ಯಾನಾದಲ್ಲೇ, 1864ರ ಮೇ ತಿಂಗಳಲ್ಲಿ, ರಷ್ಯಾದ ಸೈನ್ಯ ಆ ನೆಲದ ಮೂಲ ಜನರಾದ ಸರ್ಕೇಸಿಯನ್ನರ ಮೇಲಿನ ಗೆಲುವನ್ನು ಆಚರಿಸಿತ್ತು. ಬದುಕುಳಿದವರಲ್ಲಿ ಬಹುಪಾಲು ಜನ ಆ ನೆಲ ಬಿಟ್ಟು ಒಟ್ಟೋಮನ್ ಸಾಮ್ರಾಜ್ಯಕ್ಕೆ ಹೋಗಬೇಕಾಯಿತು. ಸರಿಯಾಗಿ 150 ವರ್ಷಗಳ ನಂತರದ ಉದ್ಘಾಟನೆಯಲ್ಲಿ ರಷ್ಯಾದ ಇತಿಹಾಸವನ್ನು ವೈಭವದಿಂದ ತೋರಿಸಿದರು, ಆ ಜನರ ಹೆಸರು ಮಾತ್ರ ಕೇಳಿಬರಲಿಲ್ಲ. ಟೋಕಿಯೋ ಒಲಿಂಪಿಕ್ಸ್ ಕೂಡ ಐನು ಜನರ ನೃತ್ಯವನ್ನು ಉದ್ಘಾಟನಾ ಸಮಾರಂಭದಿಂದ ಕೈಬಿಟ್ಟಿತು, ಅದೂ ಅವರನ್ನು ಮೂಲನಿವಾಸಿಗಳೆಂದು ಕಾನೂನಿನಲ್ಲೇ ಒಪ್ಪಿಕೊಂಡ 2019ರ ನಂತರ. 1904ರಲ್ಲಿ ಐನು ಜನರನ್ನು ಸೇಂಟ್ ಲೂಯಿಸ್‌ಗೆ ಕೊಂಡೊಯ್ದು ಪ್ರದರ್ಶನಕ್ಕಿಟ್ಟದ್ದನ್ನು ಮೇಲೆ ಓದಿದಾಗ ನನಗೆ ಇದೇ ನೆನಪಾಯಿತು.

ಬ್ರೆಜಿಲ್‌ನ ಒಂದು ದೃಶ್ಯವನ್ನು ಹೇಳಿ ಮುಗಿಸುತ್ತೇನೆ. 2014ರ ಜೂನ್ 12ರಂದು ಸಾವೊ ಪಾಲೊದಲ್ಲಿ ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಪಂದ್ಯಕ್ಕೆ ಮುನ್ನ, ಶಾಂತಿಯ ಸಂಕೇತವಾಗಿ ಮೂವರು ಮಕ್ಕಳು ಮೈದಾನದ ನಡುವೆ ಬಿಳಿ ಪಾರಿವಾಳಗಳನ್ನು ಹಾರಿಬಿಟ್ಟರು. ಅವರಲ್ಲೊಬ್ಬ ಗ್ವಾರಾನಿ ಸಮುದಾಯದ 13 ವರ್ಷದ ಹುಡುಗ, ತಲೆಗೆ ಗರಿಯ ಕಿರೀಟ ತೊಟ್ಟಿದ್ದ. ಪಾರಿವಾಳ ಹಾರಿದ ಮೇಲೆ, ಮೈದಾನದಿಂದ ಹೊರಬರುವಾಗ, ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಬಂದಿದ್ದ ಸಣ್ಣದೊಂದು ಕೆಂಪು ಬಟ್ಟೆಯನ್ನು ಬಿಡಿಸಿ ಎರಡೂ ಕೈಗಳಲ್ಲಿ ಎತ್ತಿ ಹಿಡಿದ. ತಮ್ಮ ಭೂಮಿಯ ಗಡಿಯನ್ನು ಈಗಲೇ ಗುರುತಿಸಿ ಎಂಬುದು ಅದರ ಮೇಲಿದ್ದ ಮಾತಿನ ಅರ್ಥ. ಜಗತ್ತಿನಾದ್ಯಂತ ಪಾರಿವಾಳವನ್ನು ತೋರಿಸಿದ ನೇರ ಪ್ರಸಾರ ಆ ಬಟ್ಟೆಯನ್ನು ತೋರಿಸಲಿಲ್ಲ.

ಪ್ರತಿಕ್ರಿಯೆ 4

ನೆಲದ ಪ್ರಶ್ನೆ ದೊಡ್ಡದೆಂಬುದು ನಿಜ, ಆದರೆ ವೇದಿಕೆಯ ಪ್ರಶ್ನೆಯನ್ನು ಅದರಿಂದ ಬಿಡಿಸಿ ನೋಡಲಾಗದು. ಎರಡನೆಯವರು ಹೇಳಿದ ವಿಶ್ವಸಂಸ್ಥೆಯ ಘೋಷಣೆಯ 31ನೇ ವಿಧಿಯನ್ನು ಓದಿ. ತಮ್ಮ ಸಾಂಸ್ಕೃತಿಕ ಪರಂಪರೆಯನ್ನು ಕಾಪಾಡಿಕೊಳ್ಳುವ, ಬೆಳೆಸುವ ಮತ್ತು ಅದರ ಮೇಲೆ ನಿಯಂತ್ರಣ ಹೊಂದುವ ಹಕ್ಕು ಮೂಲನಿವಾಸಿಗಳಿಗಿದೆ ಎನ್ನುತ್ತದೆ ಅದು. ಬೀಜ, ಔಷಧ, ಮೌಖಿಕ ಪರಂಪರೆ, ವಿನ್ಯಾಸಗಳ ಜೊತೆಗೆ ಕ್ರೀಡೆಗಳನ್ನೂ ಸಾಂಪ್ರದಾಯಿಕ ಆಟಗಳನ್ನೂ ಅಲ್ಲಿ ಹೆಸರಿಸಿಯೇ ಸೇರಿಸಿದ್ದಾರೆ.

ಇದನ್ನು ಕಾನೂನಿನ ಭಾಷೆಗೆ ಇಳಿಸಿದ ಒಂದು ಉದಾಹರಣೆ ನ್ಯೂಜಿಲೆಂಡಿನದು. ರಗ್ಬಿ ಪಂದ್ಯಕ್ಕೆ ಮುನ್ನ ಅವರ ತಂಡ ಮಾಡುವ 'ಕಾ ಮಾಟೆ' ಎಂಬ ಹಾಕಾವನ್ನು, ಅಂದರೆ ಮಾವೋರಿ ಮೂಲನಿವಾಸಿಗಳ ಘೋಷ ಸಹಿತ ಕುಣಿತವನ್ನು, ಸುಮಾರು 1820ರಲ್ಲಿ ರಚಿಸಿದವರು ಟೆ ರೌಪರಾಹ, ನ್ಗಾಟಿ ಟೋವಾ ಬುಡಕಟ್ಟಿನ ನಾಯಕ. ಜಾಹೀರಾತು, ಸಿನಿಮಾ, ಅಂಗಿ, ಬಟ್ಟಲು ಎಂದು ಎಲ್ಲ ಕಡೆ ಅದು ಬಿಕರಿಯಾದ ಮೇಲೆ, 2014ರಲ್ಲಿ ಆ ಹಾಕಾಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಬಂತು. ವಾಣಿಜ್ಯ ಉದ್ದೇಶಕ್ಕೆ ಬಳಸುವವರು ರಚನಕಾರರ ಹೆಸರನ್ನೂ ಬುಡಕಟ್ಟಿನ ಹೆಸರನ್ನೂ ಹೇಳಲೇಬೇಕು. ಹಣ ಕೇಳುವ ಅಥವಾ ಬಳಕೆಯನ್ನೇ ತಡೆಯುವ ಹಕ್ಕನ್ನು ಅದು ಕೊಡಲಿಲ್ಲ, ಅದು ಕೊರತೆಯೇ. ಆದರೂ ಇದು ಯಾರದೋ ಒಬ್ಬರದು ಎಂದು ಒಂದು ದೇಶ ಕಾಗದದ ಮೇಲೆ ಒಪ್ಪಿಕೊಂಡಿತು.

ಇದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2010ರ ಆರಂಭದಲ್ಲಿ ರಷ್ಯಾದ ಐಸ್ ಡ್ಯಾನ್ಸ್ ಜೋಡಿ ಡೊಮ್ನಿನಾ ಮತ್ತು ಶಬಾಲಿನ್ ಪ್ರದರ್ಶಿಸಿದ 'ಅಬಾರಿಜಿನಲ್' ನೃತ್ಯವನ್ನು ನೋಡಬಹುದು. ಕಂದು ಬಣ್ಣದ ಮೈಗವಸು, ಅದರ ಮೇಲೆ ಬಿಳಿ ಗೆರೆ, ಸೊಂಟಕ್ಕೆ ಕೆಂಪು ಬಟ್ಟೆ ಮತ್ತು ಎಲೆ. ಇದು ನಮ್ಮ ಕುಣಿತವೂ ಅಲ್ಲ, ನಮ್ಮ ಬಣ್ಣವೂ ಅಲ್ಲ ಎಂದು ಆಸ್ಟ್ರೇಲಿಯಾದ ಮೂಲನಿವಾಸಿ ಮುಖಂಡರು ನೊಂದು ಹೇಳಿದರು. ವ್ಯಾಂಕೂವರ್‌ಗೆ ಬರುವಷ್ಟರಲ್ಲಿ ಮೈಗವಸಿನ ಬಣ್ಣ ತಿಳಿಯಾಗಿತ್ತು, ನೃತ್ಯ ಉಳಿದಿತ್ತು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿ ನಡೆಸಿದ 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸಂತೋಷಪಡುವಂಥದ್ದು ಸಾಕಷ್ಟಿತ್ತು. ಆಕ್ಲೆಂಡ್ ಜೊತೆಗೆ ಟಾಮಕಿ ಮಕೌರೌ, ಸಿಡ್ನಿಯ ಜೊತೆಗೆ ಗ್ಯಾಡಿಗಲ್ ಎಂದು ನಗರಗಳ ಮೂಲ ಹೆಸರುಗಳನ್ನೂ ಬಳಸಿದರು. ಕ್ರೀಡಾಂಗಣಗಳಲ್ಲಿ ಎರಡೂ ದೇಶಗಳ ಮೂಲನಿವಾಸಿಗಳ ಧ್ವಜಗಳು ಹಾರಿದವು. ಫ್ರೀಮನ್ 1994ರ ಕಾಮನ್‌ವೆಲ್ತ್ ಕೂಟದಲ್ಲಿ ಅದೇ ಕಪ್ಪು, ಕೆಂಪು, ಹಳದಿ ಧ್ವಜ ಹಿಡಿದು ಓಡಿದಾಗ ತಮ್ಮದೇ ತಂಡದ ಮುಖ್ಯಸ್ಥರಿಂದ ಬೈಸಿಕೊಂಡಿದ್ದರು. ಅದಾಗಿ 29 ವರ್ಷಗಳ ಮೇಲೆ ಅದೇ ಧ್ವಜ ವಿಶ್ವಕಪ್‌ನ ಕ್ರೀಡಾಂಗಣಗಳಲ್ಲಿ ಹಾರಿತು. ಸಿಡ್ನಿಯಲ್ಲಿ ಫೈನಲ್ ಪಂದ್ಯ ನಡೆದದ್ದು ಆಗಸ್ಟ್ 20ರಂದು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 14ರಂದು, ಮೂಲನಿವಾಸಿಗಳಿಗೆ ಸಂಸತ್ತಿನ ಮುಂದೆ ಸಲಹೆಯ ಧ್ವನಿ ನೀಡುವ ಸಂವಿಧಾನ ತಿದ್ದುಪಡಿಯನ್ನು ಆಸ್ಟ್ರೇಲಿಯಾದ ಮತದಾರರಲ್ಲಿ ಶೇಕಡ 60ರಷ್ಟು ಜನ ತಿರಸ್ಕರಿಸಿದರು.

ಪ್ರಶ್ನೆ ಕೇಳಿದವರಿಂದ

ಇಷ್ಟು ಕಳಕಳಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ತರಗತಿಯಲ್ಲಿ ಓದಿದೆ. ಆ ವಿದ್ಯಾರ್ಥಿನಿ ಗ್ವಾರಾನಿ ಹುಡುಗನ ಭಾಗವನ್ನು ಎರಡು ಸಲ ಓದಿಸಿದಳು. ಸಿಡ್ನಿಯ ಬಗ್ಗೆ ನನ್ನ ಮನಸ್ಸು ಈಗ ಸ್ವಲ್ಪ ಸ್ಪಷ್ಟವಾಗಿದೆ: ಆ ಗೌರವ ಫ್ರೀಮನ್ ಮತ್ತು ಅವರ ಜನ ತಾವೇ ಗಳಿಸಿಕೊಂಡದ್ದು, ಸರ್ಕಾರ ಕೊಟ್ಟದ್ದೆಂದು ಅದನ್ನು ಸರ್ಕಾರದ ಖಾತೆಗೆ ಜಮಾ ಮಾಡುವುದು ತಪ್ಪು ಎಂದು ಅವಳಿಗೆ ಹೇಳಿದೆ.

ಅವಳು ಬಿಡಲಿಲ್ಲ. ಹಾಡು, ಕುಣಿತ, ಚಿತ್ರಗಳೆಲ್ಲ ಆಯಿತು. ಆಟವೇ ಅವರದಾಗಿದ್ದರೆ ಆಗ ಅವರನ್ನು ಆಡಲು ಬಿಡುತ್ತಾರೆಯೇ ಎಂಬುದು ಅವಳ ಮುಂದಿನ ಪ್ರಶ್ನೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಲಕ್ರಾಸ್ ಮರಳುತ್ತಿರುವ ಸುದ್ದಿಯನ್ನು ಅವಳು ಓದಿದ್ದಾಳೆ. ಇದರ ಬಗ್ಗೆ ಬಲ್ಲವರಿದ್ದೀರಾ?

ಪ್ರತಿಕ್ರಿಯೆ 5

ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು ಎಸೆಯುವ ಲಕ್ರಾಸ್ ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಮೊಹಾಕ್ ಸೇರಿದಂತೆ ಆರು ಸಮುದಾಯಗಳ ಒಕ್ಕೂಟವಾದ ಹೌಡೆನೊಶೋನಿ ಜನರಿಗೆ ಅದು ಸೃಷ್ಟಿಕರ್ತನಿಗೆ ಸಲ್ಲಿಸುವ ಸೇವೆ; ಕಾಯಿಲೆ ಬಿದ್ದವರ ಗುಣಕ್ಕಾಗಿಯೂ ಆಡುತ್ತಾರೆ. ಲಕ್ರಾಸ್‌ಗೆ ಒಲಿಂಪಿಕ್ ಪದಕಗಳಿದ್ದದ್ದು 1904 ಮತ್ತು 1908ರಲ್ಲಿ ಮಾತ್ರ. 1904ರಲ್ಲಿ, ಮೇಲೆ ವಿವರಿಸಿದ ಅದೇ ಸೇಂಟ್ ಲೂಯಿಸ್‌ನಲ್ಲಿ, ಕೆನಡಾದಿಂದ ಬಂದ ಮೊಹಾಕ್ ತಂಡವೊಂದು ಮೂರನೇ ಸ್ಥಾನ ಪಡೆಯಿತು. ಒಂದೇ ಊರಿನಲ್ಲಿ ಒಂದು ಕಡೆ ಮೂಲನಿವಾಸಿಗಳು ಕ್ರೀಡೆಗೆ ಅನರ್ಹರೆಂದು ಸಾಬೀತುಪಡಿಸುವ ಪ್ರಯತ್ನ, ಇನ್ನೊಂದು ಕಡೆ ಅವರ ಆಟಕ್ಕೇ ಪದಕ.

ಹೌಡೆನೊಶೋನಿಗಳು 1983ರಲ್ಲಿ ತಮ್ಮದೇ ರಾಷ್ಟ್ರೀಯ ತಂಡ ಕಟ್ಟಿದರು. ವಿಶ್ವ ಲಕ್ರಾಸ್ ಸಂಸ್ಥೆ ಅದನ್ನು ಪೂರ್ಣ ಸದಸ್ಯನಾಗಿ ಒಪ್ಪಿಕೊಂಡಿದೆ, ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಅವರು ತಮ್ಮ ನೇರಳೆ ಧ್ವಜದಡಿಯಲ್ಲಿ ಆಡಿ ಪದಕ ಗೆಲ್ಲುತ್ತಾರೆ. ಒಲಿಂಪಿಕ್ಸ್ ಮಾತ್ರ ಬೇರೆ. ಅಲ್ಲಿ ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇರುವವರಿಗಷ್ಟೇ ತಂಡ ಕಳುಹಿಸುವ ಹಕ್ಕು, ಮತ್ತು ಇವರಿಗೆ ಅಂಥ ಸಮಿತಿಯಿಲ್ಲ. 2023ರ ಡಿಸೆಂಬರ್‌ನಲ್ಲಿ ಅಂದಿನ ಅಮೆರಿಕದ ಅಧ್ಯಕ್ಷ ಬೈಡನ್ ಇವರ ಪರವಾಗಿ ಬಹಿರಂಗವಾಗಿಯೇ ಮಾತನಾಡಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಉತ್ತರ: ಆಟಗಾರರು ಅಮೆರಿಕ ಅಥವಾ ಕೆನಡಾ ತಂಡದಲ್ಲಿ ಸೇರಿ ಆಡಬಹುದು.

ಆ ಜನ ಇದಕ್ಕೆ ಏಕೆ ಒಪ್ಪುವುದಿಲ್ಲ ಎಂಬುದನ್ನು ತಿಳಿಯಲು 2010ಕ್ಕೆ ಹೋಗಬೇಕು. ಆ ವರ್ಷ ವಿಶ್ವ ಚಾಂಪಿಯನ್‌ಷಿಪ್ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿತ್ತು. ತಂಡದವರು ತಮ್ಮ ಒಕ್ಕೂಟವೇ ನೀಡಿದ ಪಾಸ್‌ಪೋರ್ಟ್ ಹಿಡಿದು ನ್ಯೂಯಾರ್ಕ್‌ನಲ್ಲಿ ದಿನಗಟ್ಟಲೆ ಕಾದರು. ಬ್ರಿಟನ್ ಆ ಪಾಸ್‌ಪೋರ್ಟ್‌ಗಳನ್ನು ಒಪ್ಪಲಿಲ್ಲ. ಅಮೆರಿಕದ ಅಥವಾ ಕೆನಡಾದ ಪಾಸ್‌ಪೋರ್ಟ್ ಪಡೆದು ಹೋಗುವ ದಾರಿ ಅವರಿಗೆ ತೆರೆದೇ ಇತ್ತು. ಅವರು ಆ ದಾರಿ ಹಿಡಿಯಲಿಲ್ಲ; ಚಾಂಪಿಯನ್‌ಷಿಪ್ ಅವರಿಲ್ಲದೆ ನಡೆಯಿತು.

2022ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ವಿಶ್ವ ಕ್ರೀಡಾಕೂಟ ನಡೆದಾಗಲೂ ಪುರುಷರ ಲಕ್ರಾಸ್‌ನಲ್ಲಿ ಇದೇ ಅಡ್ಡಿ ಬಂತು. ಶ್ರೇಯಾಂಕದಲ್ಲಿ ಹೌಡೆನೊಶೋನಿ ತಂಡ ಎಂಟರೊಳಗೆ ಇದ್ದರೂ ಮೊದಲಿಗೆ ಆಹ್ವಾನ ಬರಲಿಲ್ಲ. ವ್ಯಾಪಕ ಟೀಕೆಯ ನಂತರ ಸಂಘಟಕರು ಮನಸ್ಸು ಬದಲಿಸಿದರು, ಆದರೆ ಅಷ್ಟರಲ್ಲಿ ಎಂಟೂ ಸ್ಥಾನಗಳು ತುಂಬಿದ್ದವು. ಆಗ ಐರ್ಲೆಂಡ್ ತಂಡ ತಾನು ಅರ್ಹತೆ ಪಡೆದಿದ್ದ ಸ್ಥಾನವನ್ನು ಬಿಟ್ಟುಕೊಟ್ಟು ಹಿಂದೆ ಸರಿಯಿತು, ಹೌಡೆನೊಶೋನಿ ತಂಡ ಮೈದಾನಕ್ಕಿಳಿಯಿತು. ಆ ಐರಿಷ್ ಆಟಗಾರರಿಗೆ ಅಂಥ ಅವಕಾಶ ಮತ್ತೆ ಸಿಗುವುದೆಂಬ ಖಾತರಿ ಏನೂ ಇರಲಿಲ್ಲ. ನಿಮ್ಮ ವಿದ್ಯಾರ್ಥಿನಿಗೆ ಇದನ್ನೂ ಹೇಳಿ.